ಕಿತ್ತ ಅಕ್ಷರದ ನೆರಳು

ಗ್ಯಾರೇಜ್ ಸಾಹೇಬ ತಾನೇ ಗಾಡಿ ಓಡಿಸಿಕೊಂಡು ಬಂದಿದ್ದಾನೆಂದರೆ ಅದರ ಹಿಂದೆ ಏನೋ ಮಸಲತ್ತು ಇರಲೇಬೇಕು ಎಂದು ಅಕ್ಷರದಕ್ಕನಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೊಲೀಸ್ ಇಲಾಖೆಯ ವಾಹನಗಳ ಉಸ್ತುವಾರಿ ಅವನದು. ಹತ್ತು ವರ್ಷದಲ್ಲಿ ಒಂದು ದಿನವೂ ಅವಳ ಶೆಡ್ಡಿನ ಹೊಸಿಲು ತುಳಿದವನಲ್ಲ. ಕೆಲಸವಿದ್ದರೆ ಡ್ರೈವರ್ ಕೈಯಲ್ಲಿ ಗಾಡಿ ಕಳಿಸುತ್ತಿದ್ದ, ತಕರಾರಿದ್ದರೆ ಫೋನಿನಲ್ಲಿ ಕಿರುಚುತ್ತಿದ್ದ. ಇವತ್ತು ಬೆಳಿಗ್ಗೆ ಒಂಬತ್ತಕ್ಕೇ ಬಂದು, ಕಡುನೀಲಿ ಕಾರನ್ನು ಶೆಡ್ಡಿನ ಒಳಗೇ ತಂದು ನಿಲ್ಲಿಸಿ, ಇಳಿದವನೇ ಶಟರನ್ನು ಅರ್ಧ ಕೆಳಗೆಳೆದ.

"ಚೆನ್ನಾಗಿದ್ದೀರಾ ಅಕ್ಕಾ?" ಎಂದ.

"ಮಗಳ ಲೈಸೆನ್ಸ್ ಕಿತ್ಕೊಂಡು ಕೂತಿದ್ದೀರಲ್ಲ, ಚೆನ್ನಾಗಿಲ್ದೆ ಏನು. ಹೇಳಿ, ಇನ್ನೇನು ಕಿತ್ಕೊಳ್ಳೋಕೆ ಬಂದ್ರಿ?"

ಅವಳ ನಾಲಿಗೆ ಮೊದಲಿನಿಂದಲೂ ಹೀಗೇ. ಆಂಬುಲೆನ್ಸು, ಶಾಲೆಯ ವ್ಯಾನು, ಅಗ್ನಿಶಾಮಕದ ಗಾಡಿ, ಪೊಲೀಸ್ ಕಾರು, ಊರಿನಲ್ಲಿ ಓಡಾಡುವ ಯಾವ ಸರ್ಕಾರಿ ವಾಹನದ ಮೈಮೇಲಿನ ಬರಹವೂ ಅವಳ ಕೈಯಿಂದಲೇ ಬಂದದ್ದು. ಅಪ್ಪನಿಂದ ಕಲಿತ ಕಸುಬು. ಹೊಳೆಯುವ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಅಂಟಿಸುವುದು ಒಂದು ಕೆಲಸ. ಗಾಡಿ ಹಳೆಯದಾಗಿ ಹರಾಜಿಗೆ ಹೋಗುವಾಗ ಅದೇ ಅಕ್ಷರವನ್ನು ಕಿತ್ತು ತೆಗೆಯುವುದು ಇನ್ನೊಂದು ಕೆಲಸ. ಅಂಟಿಸುವುದನ್ನು ಯಾರು ಬೇಕಾದರೂ ಕಲಿಯಬಹುದು, ಕೀಳುವುದಕ್ಕೆ ತಾಳ್ಮೆ ಬೇಕು ಎಂದು ಅಪ್ಪ ಹೇಳುತ್ತಿದ್ದ. ಎಷ್ಟೋ ವರ್ಷ ಬಿಸಿಲಲ್ಲಿ ನಿಂತ ಗಾಡಿಯ ಬಣ್ಣ ಸುತ್ತಲೂ ಮಾಸಿರುತ್ತದೆ, ಅಕ್ಷರದ ಅಡಿಯಲ್ಲಿ ಮಾತ್ರ ಹೊಸದಾಗಿಯೇ ಉಳಿದಿರುತ್ತದೆ. ಅಕ್ಷರ ಕಿತ್ತರೂ ಅದರ ಆಕಾರ ಹೋಗುವುದಿಲ್ಲ. ಅದಕ್ಕೆ ಅವರ ಕಸುಬಿನಲ್ಲಿ ನೆರಳು ಎನ್ನುತ್ತಾರೆ. ಯಂತ್ರ ಹಿಡಿದು ಒಂದೊಂದು ಬಾಗಿಲನ್ನೂ ಗಂಟೆಗಟ್ಟಲೆ ಉಜ್ಜಿ ಪಾಲಿಶ್ ಮಾಡಿದರೆ ಮಾತ್ರ ನೆರಳು ಸಾಯುತ್ತದೆ.

ಸಾಹೇಬ ಬಾಗಿಲ ಮೇಲೆ ಕೈಯಾಡಿಸಿದ. "ನಾಳೆ ವಿಚಾರಣೆ ಅಲ್ವಾ? ನಿಮ್ಮ ಮಗಳು ಹೇಳಿಕೇಲಿ ಬರೆದಿದ್ದಾಳೆ, ಬಾಗಿಲ ಮೇಲೆ ಅಕ್ಷರದ ನೆರಳು ಕಾಣಿಸ್ತು, ಅದಕ್ಕೇ ಕಳ್ಳ ಗಾಡಿ ಅಂತ ಹೆದರಿಕೊಂಡೆ ಅಂತ. ವಿಚಾರಣೆ ಮೇಡಂ ಗಾಡೀನೇ ತಂದು ತೋರಿಸಿ ಅಂದ್ಬಿಟ್ರು. ಒಂಚೂರು ಪಾಲಿಶ್ ಹೊಡೆದುಬಿಡಿ. ಸಂಜೆ ಐದಕ್ಕೆ ಬರ್ತೀನಿ."

"ನೆರಳು ಇಲ್ಲ ಅಂತ ತಾನೇ ನೀವು ಬರೆದುಕೊಟ್ಟಿರೋದು? ಇಲ್ಲದೇ ಇರೋದಕ್ಕೆ ಪಾಲಿಶ್ ಯಾಕೆ?"

"ಅಕ್ಕಾ, ಸುಮ್ನೆ ಮಾತು ಬೆಳೆಸೋದು ಬೇಡ. ನೀವು ಇಷ್ಟು ಮಾಡಿ, ನಾಳೆ ನಮ್ಮವರು ಜಾಸ್ತಿ ಎಳೆದಾಡಲ್ಲ. ಹುಡುಗಿ ತಪ್ಪಾಯ್ತು ಅಂತ ಒಂದು ಮಾತು ಹೇಳಲಿ, ಎಚ್ಚರಿಕೆ ಕೊಟ್ಟು ಲೈಸೆನ್ಸ್ ವಾಪಸ್ ಕೊಡ್ತಾರೆ. ಇಲ್ಲಾಂದ್ರೆ ಮೂರು ವರ್ಷ ಗಾಡಿ ಮುಟ್ಟೋ ಹಾಗಿಲ್ಲ." ಅವನು ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟ. "ನಿಮ್ಮ ಗುತ್ತಿಗೇನೂ ಮುಂದಿನ ತಿಂಗಳು ಮುಗಿಯುತ್ತೆ. ಆಮೇಲೆ ಇನ್ನೊಂದು ಮಾತು. ಗುರುತು ಪೂರ್ತಿ ಅಳಿಸಿದೆ ಅಂತ ಸಹಿ ಹಾಕಿದ್ದು ಯಾರು? ನಾನಲ್ಲ."

ಮೂಗಿಗೆ ತುಪ್ಪ ಸವರಿ, ಜೊತೆಗೆ ಕುತ್ತಿಗೆಗೂ ಕೈ ಹಾಕಿ, ಸಾಹೇಬ ಶಟರಿನ ಅಡಿಯಿಂದ ಬಗ್ಗಿಕೊಂಡು ಹೊರಟುಹೋದ. ಅಕ್ಷರದಕ್ಕ ಕೀಲಿಯನ್ನು ನೋಡುತ್ತಾ ನಿಂತಳು. ಅವಳಿಗೆ ಆ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕೈಗೆ ಸಿಕ್ಕ ಡಬ್ಬಿಯನ್ನು ಎತ್ತಿ ಗೋಡೆಗೆ ಒಗೆದಳು. ಅದು ಥಿನ್ನರಿನ ಡಬ್ಬಿ. ಇಡೀ ಶೆಡ್ಡು ಘಾಟು ಹಿಡಿಯಿತು, ಒರೆಸಬೇಕಾದವಳೂ ಅವಳೇ.

ನಡೆದದ್ದು ಇಷ್ಟು. ಅವಳ ಮಗಳು ನರ್ಸು. ಆಸ್ಪತ್ರೆಯವಳಲ್ಲ, ಮನೆಮನೆಗೆ ಹೋಗುವವಳು. ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವುದು, ಚುಚ್ಚುಮದ್ದು ಕೊಡುವುದು, ಎಬ್ಬಿಸಿ ಕೂರಿಸುವುದು. ದಿನಕ್ಕೆ ಎಂಟು ಮನೆ, ಊರಿನ ಎಂಟು ಮೂಲೆಯಲ್ಲಿ. ಅವಳ ಸಣ್ಣ ಕಾರು ನಿಂತರೆ ಅವಳ ಕೆಲಸ ನಿಂತಿತು.

ನಾಲ್ಕು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಕಡುನೀಲಿ ಕಾರೊಂದು ಹಿಂದಿನಿಂದ ಬಂದು ಮುಂಗಾಜಿನ ಒಳಗೆ ನೀಲಿ ದೀಪ ಮಿನುಗಿಸಿತು. ಮೈಮೇಲೆ ಒಂದಕ್ಷರವಿಲ್ಲ. ಬೇರೆ ಯಾರಾಗಿದ್ದರೂ ಅನುಮಾನಪಡುತ್ತಿದ್ದರು. ಆದರೆ ಇವಳು ಅಕ್ಷರ ಕೀಳುವವಳ ಮಗಳು. ಮೂರನೇ ಕ್ಲಾಸಿನಿಂದ ಶೆಡ್ಡಿನಲ್ಲಿ ಕೂತು ನೆರಳು ಓದಿ ಬೆಳೆದವಳು. ಕಾರು ಪಕ್ಕಕ್ಕೆ ಬಂದಾಗ ಓರೆ ಬಿಸಿಲಿಗೆ ಅದರ ಬಾಗಿಲ ಮೇಲೆ 'ಪೊಲೀಸ್' ಎಂಬ ನೆರಳು ಅವಳ ಕಣ್ಣಿಗೆ ಮಾತ್ರ ಕಂಡಿತು. ಓ, ಇದು ನಮ್ಮಮ್ಮ ಕಿತ್ತ ಗಾಡಿ, ಗುರುತು ತೆಗೆಸಿ ಇಲಾಖೆಯವರೇ ಓಡಿಸುತ್ತಿರಬೇಕು ಎಂದುಕೊಂಡು ನಿಲ್ಲಿಸಿದಳು. ಇಳಿದವನು ಯಾವುದೋ ಕಾರ್ಡು ತೋರಿಸಿ, ನಿನ್ನ ಬ್ಯಾಗಿನಲ್ಲಿರುವ ಔಷಧಿಯ ಬಗ್ಗೆ ವಿಚಾರಿಸಬೇಕು ಎಂದು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದ. ಒಂದೂವರೆ ಗಂಟೆ ಎಲ್ಲೆಲ್ಲೋ ಸುತ್ತಿಸಿ, ಫೋನು, ಸರ, ಬ್ಯಾಗು ಎಲ್ಲ ಕಿತ್ತುಕೊಂಡು, ಕಲ್ಲು ಒಡೆಯುವ ಜಾಗದ ಆಚೆ ಇಳಿಸಿ ಹೋದ. ಇನ್ನೇನಾಯಿತು ಎಂದು ತಾಯಿ ಕೇಳಿದಾಗೆಲ್ಲ ಮಗಳು ಒಂದೇ ಮಾತು ಹೇಳಿದಳು.

"ಬಾಗಿಲಿಗೆ ಒಳಗಡೆ ಹಿಡಿಕೆನೇ ಇರ್ಲಿಲ್ಲ ಅಮ್ಮ."

ಠಾಣೆಯಲ್ಲಿ ದೂರು ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟು ಬುದ್ಧಿ ಹೇಳಿದ. "ಓದಿದೋರು ನೀವು. ಹೆಸರಿಲ್ಲದ ಗಾಡಿಗೆ ಯಾರಾದ್ರೂ ನಿಲ್ಲಿಸ್ತಾರಾ? ಯೂನಿಫಾರ್ಮ್ ಇತ್ತಾ ಅಂತ ನೋಡಬಾರ್ದಾ?" ಕೊನೆಗೆ ಒಂದು ಅಚ್ಚು ಹಾಕಿದ ಕರಪತ್ರ ಕೊಟ್ಟ. ಪೊಲೀಸ್ ಎಂದು ಸುಳ್ಳು ಹೇಳುವುದು ಅಪರಾಧ. ಗುರುತಿಲ್ಲದ ವಾಹನದಲ್ಲಿ ಬಂದು ತಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬೇಕು, ಆ ವಾಹನ ಇಲಾಖೆಯ ಪಟ್ಟಿಯಲ್ಲಿರಬೇಕು. ಅನುಮಾನ ಬಂದರೆ ನಿಲ್ಲಬೇಡಿ, ಸಿಗ್ನಲ್ ದೀಪ ಹಾಕಿ ನಿಧಾನವಾಗಿ ಜನರಿರುವ ಕಡೆ ಹೋಗಿ ನಿಲ್ಲಿಸಿ. ಮಗಳು ಅದನ್ನು ಬಾಯಿಪಾಠ ಮಾಡಿ, ತನ್ನ ಕಾರಿನೊಳಗೆ ಸ್ಟೀರಿಂಗಿನ ಪಕ್ಕದಲ್ಲೇ ಅಂಟಿಸಿಕೊಂಡಳು.

ಐದು ವಾರದ ಹಿಂದೆ ಮತ್ತೆ ಕಡುನೀಲಿ ಕಾರು, ಮತ್ತೆ ನೀಲಿ ದೀಪ, ಬಾಗಿಲ ಮೇಲೆ ಮತ್ತೆ ಅದೇ ನೆರಳು. ಮಗಳು ಕರಪತ್ರದಲ್ಲಿ ಬರೆದಂತೆಯೇ ಮಾಡಿದಳು. ಸಿಗ್ನಲ್ ಹಾಕಿ, ಎರಡು ಕಿಲೋಮೀಟರು ನಿಧಾನವಾಗಿ ಓಡಿಸಿ, ಪೆಟ್ರೋಲ್ ಬಂಕಿನಲ್ಲಿ ಹತ್ತು ಜನರ ಎದುರು ನಿಲ್ಲಿಸಿದಳು. ಈ ಸಲ ಇಳಿದವರು ನಿಜವಾದ ಪೊಲೀಸರು. ಸಾದಾ ಅಂಗಿ ತೊಟ್ಟಿದ್ದರು. ಅವಳನ್ನು ತೋಳು ಹಿಡಿದು ಎಳೆದು ಹಾಕಿ, ತಡೆದರೂ ನಿಲ್ಲಿಸದೆ ಓಡಿದಳು ಎಂದು ಕೇಸು ಜಡಿದು, ಲೈಸೆನ್ಸು ಕಿತ್ತುಕೊಂಡರು.

ನಿಲ್ಲಿಸಿದಾಗ ಯಾಕೆ ನಿಲ್ಲಿಸಿದೆ ಎಂದರು, ನಿಲ್ಲಿಸದಿದ್ದಾಗ ಯಾಕೆ ನಿಲ್ಲಿಸಲಿಲ್ಲ ಎಂದರು. ಅತ್ತ ದರಿ, ಇತ್ತ ಪುಲಿ. ದರಿಯನ್ನು ತೋಡಿದವರೂ ಅವರೇ, ಪುಲಿಯನ್ನು ಸಾಕಿದವರೂ ಅವರೇ. ಅಂಥವರು ಈಗ ತಪ್ಪಾಯ್ತು ಅಂತ ಹುಡುಗಿಯ ಬಾಯಲ್ಲಿ ಹೇಳಿಸಲು ಹೊರಟಿದ್ದರು.

ಇಷ್ಟೆಲ್ಲ ಸಿಟ್ಟಿನ ಅಡಿಯಲ್ಲಿ ಅಕ್ಷರದಕ್ಕನನ್ನು ಚುಚ್ಚುತ್ತಿದ್ದ ಮುಳ್ಳು ಬೇರೆ ಇತ್ತು. ಅದನ್ನು ಅವಳು ಮಗಳಿಗೂ ಹೇಳಿರಲಿಲ್ಲ. ಕಳೆದ ವರ್ಷ ಇಲಾಖೆಯ ಐದು ಕಡುನೀಲಿ ಕಾರುಗಳು ಹರಾಜಿಗೆಂದು ಅವಳ ಶೆಡ್ಡಿಗೆ ಬಂದಿದ್ದವು. ಹರಾಜಿನ ದಿನ ಹತ್ತಿರವಿತ್ತು. "ಅಕ್ಷರ ಕಿತ್ತು ಕೊಡಿ ಸಾಕು, ಉಜ್ಜೋದೆಲ್ಲ ಬೇಡ, ತಗೊಂಡೋರು ಬಣ್ಣ ಹೊಡೆಸ್ಕೊಳ್ತಾರೆ" ಎಂದು ಸಾಹೇಬ ಫೋನಿನಲ್ಲಿ ಕಿರುಚಿದ್ದ. ಅವಳು ಕಿತ್ತಳು, ಉಜ್ಜಲಿಲ್ಲ, 'ಗುರುತು ಪೂರ್ತಿಯಾಗಿ ಅಳಿಸಲಾಗಿದೆ' ಎಂಬ ಕಾಗದಕ್ಕೆ ಐದು ಸಲ ಸಹಿ ಹಾಕಿದಳು. ಕೈಯಲ್ಲಿ ಬೇರೆ ಕೆಲಸವಿತ್ತು, ಸೊಂಟ ನೋಯುತ್ತಿತ್ತು, ಯಾರು ಕೇಳುತ್ತಾರೆ ಎಂದುಕೊಂಡಿದ್ದಳು. ಮಗಳು ತನ್ನ ಹೇಳಿಕೆಯನ್ನು ಓದಿ ತೋರಿಸಿದ ದಿನ, ನೆರಳು ಎಂಬ ಮಾತು ಬಂದಾಗ ಅವಳಿಗೆ ಬಾಯಲ್ಲಿದ್ದ ಟೀ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಈಗ ಅಂಥದೇ ಒಂದು ಕಾರು ಎದುರಿಗೆ ನಿಂತಿತ್ತು. ಸಾಲು ಗೆರೆ ಎಳೆಯಲು ಇಟ್ಟುಕೊಂಡಿದ್ದ ಸೀಮೆಸುಣ್ಣದ ಪುಡಿಯನ್ನು ಅಂಗೈಗೆ ಹಾಕಿಕೊಂಡು ಬಾಗಿಲಿಗೆ ಸವರಿದಳು. ಮಾಸಿದ ಒರಟು ಬಣ್ಣ ಪುಡಿಯನ್ನು ಹಿಡಿದುಕೊಂಡಿತು, ಅಕ್ಷರವಿದ್ದ ನುಣುಪು ಜಾಗ ಬಿಟ್ಟುಕೊಟ್ಟಿತು. 'ಪೊಲೀಸ್' ಎಂದು ಕಡುನೀಲಿಯಲ್ಲಿ ಎದ್ದು ಬಂತು. ಅಕ್ಷರದ ಮೂಲೆಗಳೆಲ್ಲ ಸ್ವಲ್ಪ ದುಂಡಗಿದ್ದವು. ಚೂಪು ಮೂಲೆ ಬೇಗ ಏಳುತ್ತದೆಂದು ಹಾಗೆ ಕತ್ತರಿಸುವುದು ಅಪ್ಪ ಕಲಿಸಿದ ಪಾಠ, ಊರಿನಲ್ಲಿ ಇನ್ನಾರೂ ಹಾಗೆ ಮಾಡುವುದಿಲ್ಲ. ಪೆಟ್ರೋಲ್ ಹಾಕುವ ಮುಚ್ಚಳ ತೆಗೆದು ನೋಡಿದಳು. ಕೆಲಸ ಮುಗಿದ ಪ್ರತಿ ಗಾಡಿಗೂ ಅವಳು ಒಂದು ಉಗುರಿನಷ್ಟು ಚೀಟಿಯನ್ನು ಅಲ್ಲೇ ಅಂಟಿಸುತ್ತಾಳೆ, ನಾಳೆ ತಕರಾರು ಬಂದರೆ ಯಾವ ಕೆಲಸ ಎಂದು ತಿಳಿಯಲಿ ಎಂದು. ಅವಳದೇ ಕೈಬರಹ: ಹರಾಜು, ಐದರಲ್ಲಿ ಮೂರನೆಯದು.

ಅಲ್ಲಿಗೆ ಗುಟ್ಟು ಬಯಲಾಯಿತು. ಐದೂ ಗಾಡಿ ಕಾಗದದ ಮೇಲೆ ಮಾರಿಹೋಗಿದ್ದವು. ನಾಲ್ಕು ನಿಜಕ್ಕೂ ಮಾರಿಹೋಗಿದ್ದವು, ಇದೊಂದನ್ನು ಸಾಹೇಬ ಯಾವ ಪಟ್ಟಿಗೂ ಸೇರಿಸದೆ ಗುರುತಿಲ್ಲದ ಗಾಡಿ ಮಾಡಿ ತನ್ನ ಹುಡುಗರಿಗೆ ಕೊಟ್ಟಿದ್ದ. ಆ ನಾಲ್ಕರಲ್ಲಿ ಒಂದು ಆ ಕಳ್ಳನ ಕೈಯಲ್ಲಿತ್ತು.

ಹಿಂದಿನ ಬಾಗಿಲನ್ನೂ ನೋಡಿಬಿಡೋಣ ಎಂದು ಅವಳು ಒಳಗೆ ಬಗ್ಗಿದಳು, ಸೊಂಟ ನೋವೆಂದು ಸೀಟಿನ ಮೇಲೆ ಕೂತಳು. ಶೆಡ್ಡಿನ ನೆಲ ಇಳಿಜಾರು. ಬಾಗಿಲು ತಾನಾಗಿ ಹೊರಳಿ ಬಂದು ಮುಚ್ಚಿಕೊಂಡಿತು. ಸಣ್ಣ ಸದ್ದು, ಅಷ್ಟೇ.

ಮೊದಲು ನಗು ಬಂತು. ಆಮೇಲೆ ಕೈ ಹಿಡಿಕೆ ಹುಡುಕಿತು. ಹಿಡಿಕೆ ಇರಬೇಕಾದ ಕಡೆ ಒಂದು ನುಣ್ಣನೆಯ ತಗಡು. ಆ ಕಡೆಯ ಬಾಗಿಲಿಗೂ ತಗಡು. ಗಾಜು ಇಳಿಸುವ ಗುಂಡಿಯಿಲ್ಲ. ಮುಂದಿನ ಸೀಟಿಗೂ ಇವಳಿಗೂ ನಡುವೆ ಕಬ್ಬಿಣದ ಜಾಲರಿ. ಕೀಲಿ ಮೇಜಿನ ಮೇಲೆ, ಫೋನು ಅದರ ಪಕ್ಕದಲ್ಲಿ. ಕೈಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತಿದ್ದವು. ಅವಳು ಗಾಜು ಬಡಿದಳು, ಕೂಗಿದಳು. ಹೊರಗೆ ರಸ್ತೆಯ ಸದ್ದು ಅವಳ ಸದ್ದನ್ನು ನುಂಗಿತು. ಶಟರಿನ ಅಡಿಯಲ್ಲಿ ಜನರ ಕಾಲುಗಳು ಓಡಾಡುತ್ತಿದ್ದವು, ಒಂದು ಕಾಲೂ ನಿಲ್ಲಲಿಲ್ಲ. ತನ್ನ ಶೆಡ್ಡು, ಹಗಲು ಹೊತ್ತು, ಯಾವ ಕೇಡಿಗನೂ ಇಲ್ಲ ಎಂದು ಗೊತ್ತಿದ್ದೂ ಅವಳು ತಗಡನ್ನು ಉಗುರಿನಿಂದ ಕೆರೆದಳು. ಮಗಳು ಒಂದೂವರೆ ಗಂಟೆ ಇಂಥದೇ ಗಾಡಿಯಲ್ಲಿ ಹೀಗೇ ಕೂತಿದ್ದಳು, ಮುಂದೆ ಅವನು ಕೂತಿದ್ದ. ನನ್ನ ಅಕ್ಷರ ನೋಡಿ ನಂಬಿ ಹತ್ತಿದ್ದಳು. ಅಕ್ಷರದಕ್ಕ ತಗಡಿಗೆ ಹಣೆಯಿಟ್ಟು ಜೋರಾಗಿ ಅತ್ತಳು.

ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಬಂದ ಮಗಳು ಶಟರ್ ಎತ್ತಿದಳು. ನೀಲಿ ಕಾರನ್ನು ನೋಡಿದವಳೇ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಗಾಜಿನ ಹಿಂದೆ ತಾಯಿಯ ಮುಖ ಕಂಡಿತು. ಡಬ್ಬಿ ಬಿಸುಟು ಓಡಿಬಂದು ಬಾಗಿಲು ತೆಗೆದಳು.

"ಯಾರು ಹಾಕಿದ್ದು? ಅಮ್ಮ, ಯಾರು ಒಳಗೆ ಹಾಕಿದ್ದು?"

"ಯಾರೂ ಅಲ್ಲ. ನಾನೇ ಕೂತೆ, ತಾನೇ ಹಾಕ್ಕೊಂಡ್ತು." ಅವಳು ಕಾರಿಗೆ ಒರಗಿ ನಿಂತು ಉಸಿರೆಳೆದುಕೊಂಡಳು. ಇನ್ನು ಮುಚ್ಚಿಡುವ ಶಕ್ತಿ ಅವಳಲ್ಲಿರಲಿಲ್ಲ. ಐದು ಗಾಡಿ, ಉಜ್ಜದೇ ಬಿಟ್ಟದ್ದು, ಐದು ಸಹಿ, ಸಾಹೇಬ ಬೆಳಿಗ್ಗೆ ಆಡಿದ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಮಗಳು ಪುಡಿಯಲ್ಲಿ ಎದ್ದಿದ್ದ ಅಕ್ಷರವನ್ನೇ ನೋಡುತ್ತಿದ್ದಳು. "ನಿನಗೆ ಗೊತ್ತಿತ್ತು."

"ನೀನು ಹೇಳಿಕೆ ಓದಿದಾಗ ಗೊತ್ತಾಯ್ತು."

"ಐದು ವಾರ. ಐದು ವಾರದಿಂದ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೀಯ. ನಾನು ರಾತ್ರಿಯೆಲ್ಲ ನನ್ನ ಕಣ್ಣಿಗೇ ಏನೋ ಆಗಿದೆ, ಇಲ್ಲದ್ದೆಲ್ಲ ಕಾಣಿಸುತ್ತೆ ಅಂದ್ಕೊಂಡು ಒದ್ದಾಡ್ತಿದ್ದೆ ಅಮ್ಮ! ನೆರಳೇ ಇಲ್ಲ ಅಂತ ಅವ್ರೆಲ್ಲ ಹೇಳಿದ್ರು, ನೀನೂ ಸುಮ್ಮನಿದ್ದೆ."

"ತಪ್ಪಾಯ್ತು ಕಣೇ."

"ಆ ಮಾತು ನಾಳೆ ನನ್ನ ಬಾಯಲ್ಲಿ ಹೇಳಿಸ್ತಾರಂತಲ್ಲ." ಮಗಳ ದನಿ ಏರಲಿಲ್ಲ, ಏರಿದ್ದರೆ ತಾಯಿಗೆ ಸಮಾಧಾನವಾಗುತ್ತಿತ್ತು. "ಉಜ್ಜು. ನಿನ್ನ ಗುತ್ತಿಗೆ ಉಳೀಲಿ, ನನ್ನ ಲೈಸೆನ್ಸ್ ಬರಲಿ. ಎಲ್ಲರಿಗೂ ಒಳ್ಳೇದೇ ಅಲ್ವಾ?" ಅವಳು ಚೆಲ್ಲಿದ ಊಟವನ್ನು ದಾಟಿಕೊಂಡು ಹೊರಟುಹೋದಳು.

ಅಕ್ಷರದಕ್ಕ ಪಾಲಿಶ್ ಯಂತ್ರವನ್ನು ತೆಗೆದು ಪ್ಲಗ್ ಹಾಕಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ನಿಂತಳು. ಮೂರು ಗಂಟೆಯ ಕೆಲಸ. ಮಗಳು ನಾಳೆ ಮತ್ತೆ ಕಾರು ಹತ್ತುತ್ತಾಳೆ, ಹಾಸಿಗೆ ಹಿಡಿದ ಎಂಟು ಜನ ಕಾಯುತ್ತಿದ್ದಾರೆ. ಉಜ್ಜದಿದ್ದರೆ ಸುಳ್ಳು ಸಹಿಗೆ ತಾನು ಸಿಕ್ಕಿಬೀಳುತ್ತಾಳೆ, ಅಪ್ಪನ ಕಾಲದಿಂದ ಬಂದ ಗುತ್ತಿಗೆ ಹೋಗುತ್ತದೆ, ಅಷ್ಟಾದರೂ ಮಗಳ ಲೈಸೆನ್ಸ್ ಬಂದೇ ಬರುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಆದರೆ ಉಜ್ಜಿದರೆ ಈ ಹುಡುಗಿ ಬದುಕಿಡೀ ತನ್ನ ಕಣ್ಣನ್ನೇ ನಂಬಲಾರಳು. ಅವಳಿಂದ ಆ ಕಳ್ಳ ಕಿತ್ತುಕೊಂಡದ್ದು ಫೋನು, ಸರ. ಇವರು ಕಿತ್ತುಕೊಳ್ಳುತ್ತಿರುವುದು ಕಣ್ಣು. ಅದಕ್ಕೆ ತನ್ನ ಕೈಯ ಯಂತ್ರವೇ ಬೇಕಂತೆ!

ಅವಳು ಪ್ಲಗ್ ಕಿತ್ತು ಎಸೆದಳು. ಕಪಾಟಿನ ಅಡಿಯಿಂದ ಎಣ್ಣೆಯ ಕ್ಯಾನು ತೆಗೆದಳು.

ಹಳೇ ಗಾಡಿ ಮಾರುವ ದಲ್ಲಾಳಿಗಳ ಪುರಾತನ ವಿದ್ಯೆ ಅದು. ಮಾಸಿದ ಬಣ್ಣಕ್ಕೆ ತೆಳ್ಳಗೆ ಎಣ್ಣೆ ಒರೆಸಿದರೆ ಅದು ಕುಡಿದುಕೊಂಡು ಹೊಸದರ ಹಾಗೆ ಕಪ್ಪೇರಿ ಹೊಳೆಯುತ್ತದೆ. ನೆರಳೂ ಸುತ್ತಲಿನ ಬಣ್ಣವೂ ಒಂದಾಗುತ್ತವೆ. ಎರಡು ದಿನ ಯಾರ ಕಣ್ಣಿಗೂ ತಿಳಿಯುವುದಿಲ್ಲ. ಥಿನ್ನರ್ ಹಚ್ಚಿದ ಬಟ್ಟೆ ಒಂದು ಸಲ ಓಡಾಡಿದರೆ ಮಾತ್ರ ಬಣ್ಣವೆಲ್ಲ ಬಯಲು. ಅಪ್ಪ ಈ ಕೆಲಸ ಮಾಡುವವರನ್ನು ಕಂಡರೆ ಉಗಿಯುತ್ತಿದ್ದ. ಮೊದಲ ಸಲ ಮಾಡುತ್ತಿದ್ದೇನೆ, ಉಗಿದುಬಿಡು ಎಂದುಕೊಂಡು ಅವಳು ಒರೆಸಿದಳು.

ಸಂಜೆ ಐದಕ್ಕೆ ಬಂದ ಸಾಹೇಬ ಬಾಗಿಲಿನಲ್ಲಿ ತನ್ನ ಮುಖ ನೋಡಿಕೊಂಡು ತಲೆಗೂದಲು ಸರಿಮಾಡಿಕೊಂಡ. "ನಿಮ್ಮ ಕೈ ಅಂದ್ರೆ ಕೈ ಅಕ್ಕಾ" ಎಂದ. ಅವನು ಗಾಡಿ ಹೊರಗೆ ತೆಗೆಯುವಾಗ ಮಗಳು ಎದುರಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಹೊಳೆಯುವ ಬಾಗಿಲು ಅವಳ ಮುಂದೆಯೇ ಹಾದುಹೋಯಿತು.

"ಮಾಡ್ಬಿಟ್ಟೆ" ಎಂದಳು.

"ನಾಳೆ ತಪ್ಪಾಯ್ತು ಅಂತ ಮಾತ್ರ ಹೇಳಬೇಡ" ಎಂದಳು ತಾಯಿ. ಮಗಳು ಇವಳತ್ತ ತಿರುಗಿಯೂ ನೋಡದೆ ನಡೆದಳು. ಎಣ್ಣೆಯ ವಿಷಯ ಹೇಳಬೇಕೆನ್ನಿಸಿತು. ಆದರೆ ಐದು ವಾರ ಮುಚ್ಚಿಟ್ಟವಳ ಮಾತಿಗೆ ಈಗ ಬೆಲೆಯೆಲ್ಲಿ, ಕಣ್ಣಾರೆ ನೋಡಲಿ ಎಂದು ಸುಮ್ಮನಾದಳು.

ಮರುದಿನ ಹನ್ನೊಂದಕ್ಕೆ ಪರವಾನಗಿ ಕಚೇರಿಯ ಎರಡನೇ ಮಹಡಿಯಲ್ಲಿ ವಿಚಾರಣೆ. ಉದ್ದನೆಯ ಮೇಜು, ಕಾಲು ಸರಿಯಿಲ್ಲದ ಬೆಂಚು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ವಿಚಾರಣೆ ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕಡತ ಓದುತ್ತಿದ್ದರು. ಇಲಾಖೆಯ ಪರವಾಗಿ ಸಾಹೇಬನೇ ನಿಂತಿದ್ದ.

"ಗಾಡಿ ಅಧಿಕೃತ, ಸಿಬ್ಬಂದಿ ಅಧಿಕೃತ. ಈಕೆಗೆ ಅನುಮಾನ ಪಡೋಕೆ ಕಾರಣವೇ ಇರ್ಲಿಲ್ಲ. ನೆರಳು, ಗಿರಳು ಎಲ್ಲ ಆಮೇಲೆ ಹೆಣೆದ ಕತೆ. ಆದ್ರೂ ವಯಸ್ಸು ಚಿಕ್ಕದು, ತಪ್ಪು ಒಪ್ಕೊಂಡ್ರೆ ನಮ್ದೇನೂ ಅಭ್ಯಂತರ ಇಲ್ಲ."

ಮೇಡಂ ಮಗಳತ್ತ ನೋಡಿದರು. "ಏನಮ್ಮ, ಒಪ್ಕೊತೀಯಾ?"

ಮಗಳು ಒಂದು ಕ್ಷಣ ತಾಯಿಯನ್ನು ನೋಡಿದಳು. "ಇಲ್ಲ ಮೇಡಂ. ನಾನು ನೋಡಿದ್ದು ನಿಜ. ಇವತ್ತು ಅಲ್ಲಿ ಇಲ್ದೇ ಇರಬಹುದು. ಆವತ್ತು ಇತ್ತು."

ಎಲ್ಲರೂ ಅಂಗಳಕ್ಕೆ ಇಳಿದರು. ಬಿಸಿಲಿಗೆ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಡಂ ಒಂದು ಸುತ್ತು ಬಂದು, ಬಗ್ಗಿ ನೋಡಿ, "ಏನೂ ಕಾಣ್ತಿಲ್ಲವಲ್ಲಮ್ಮ" ಎಂದರು. ಸಾಹೇಬ ಮೀಸೆಯ ಅಡಿಯಲ್ಲೇ ನಕ್ಕ. ಮಗಳು ನೆಲ ನೋಡಿದಳು.

"ನನಗೊಂದು ನಿಮಿಷ ಕೊಡಿ ಮೇಡಂ" ಎಂದು ಅಕ್ಷರದಕ್ಕ ಮುಂದೆ ಬಂದಳು. "ಈ ಗಾಡಿಗೆ ಅಕ್ಷರ ಬರೆದೋಳು ನಾನೇ, ಕಿತ್ತೋಳೂ ನಾನೇ."

ಸಾಹೇಬನ ನಗು ಅಲ್ಲಿಗೆ ನಿಂತಿತು. "ಅಕ್ಕಾ, ನೆನಪಿದೆ ತಾನೇ—"

"ಎಲ್ಲ ನೆನಪಿದೆ." ಅವಳು ಸೆರಗಿನ ಅಡಿಯಿಂದ ಥಿನ್ನರಿನ ಸೀಸೆ ತೆಗೆದು ಬಟ್ಟೆಗೆ ಸುರಿದು, ಬಾಗಿಲನ್ನು ಈ ತುದಿಯಿಂದ ಆ ತುದಿಗೆ ಒರೆಸಿದಳು. ಹೊಳಪು ಬಟ್ಟೆಗೆ ಬಂತು. ಅದು ಒಣಗಿದ ಮೇಲೆ ಚೀಲದಿಂದ ಹಿಡಿಯಷ್ಟು ಸೀಮೆಸುಣ್ಣದ ಪುಡಿ ತೆಗೆದು ಸವರಿದಳು. ಬಿಳಿ ಬಾಗಿಲಿನ ನಡುವೆ ಕಡುನೀಲಿ ಅಕ್ಷರಗಳು ಒಂದೊಂದಾಗಿ ಎದ್ದು ನಿಂತವು. ಅಂಗಳದಲ್ಲಿದ್ದ ಜವಾನ ಅದನ್ನು ಜೋರಾಗಿ ಓದಿಯೇಬಿಟ್ಟ. ಮಗಳ ಕೈ ತನ್ನ ಬಾಯಿಯ ಮೇಲೆ ಹೋಯಿತು.

"ಪೆಟ್ರೋಲ್ ಮುಚ್ಚಳ ತೆಗೆಸಿ ನೋಡಿ ಮೇಡಂ, ನನ್ನ ಕೈಬರಹದ ಚೀಟಿ ಇದೆ. ಹರಾಜಿನ ಐದರಲ್ಲಿ ಇದು ಮೂರನೇದು. ಕಾಗದದ ಪ್ರಕಾರ ಈ ಗಾಡಿ ಹೋದ ವರ್ಷವೇ ಮಾರಿಹೋಗಿದೆ. ಇಲಾಖೇದಲ್ಲದ ಗಾಡಿ, ಯೂನಿಫಾರ್ಮ್ ಇಲ್ಲದ ಜನ, ಒಂದು ನೀಲಿ ದೀಪ. ಇಂಥದ್ದು ಬಂದ್ರೆ ನಿಲ್ಲಿಸಬೇಡ ಅಂತ ಅಚ್ಚು ಹಾಕಿಸಿ ಕೊಟ್ಟಿದ್ದು ಇವರೇ. ನನ್ನ ಮಗಳು ಓದ್ಕೊಂಡು ಹಾಗೇ ಮಾಡಿದ್ಲು. ಬೇಲಿನೇ ಹೊಲ ಮೇಯ್ದು, ಈಗ ಪೈರು ಯಾಕೆ ಅಲ್ಲಾಡ್ತು ಅಂತ ಕೇಳ್ತಾರೆ!"

ಮೇಡಂ ಕಡತ ತಿರುವಿದರು. "ಗುರುತು ಪೂರ್ತಿ ಅಳಿಸಿದೆ ಅಂತ ಇಲ್ಲೊಂದು ಪ್ರಮಾಣಪತ್ರ ಇದೆ. ಸಹಿ ನಿಮ್ಮದೇ?"

"ನಂದೇ. ಸುಳ್ಳು ಅದು. ಇವರು ಉಜ್ಜೋದು ಬೇಡ ಅಂದ್ರು, ನಾನು ಉಜ್ಜಲಿಲ್ಲ, ಸಹಿ ಹಾಕಿದೆ. ಕೇಸ್ ಹಾಕಿ. ಐದು ಗಾಡಿಗೂ ಹಾಕಿ."

"ಯಾವುದೋ ಹಳೇ ಗಾಡಿ ಕೆಲಸಕ್ಕೆ ಬರ್ಲಿ ಅಂತ ಇಟ್ಕೊಂಡ್ವಿ ಮೇಡಂ" ಎಂದು ಸಾಹೇಬ ತೊದಲಿದ. "ಅದರಿಂದ ಈಕೆಗೆ ಏನು ತೊಂದ್ರೆ? ಅಷ್ಟೊಂದು ಹೆದರೋವಂಥದ್ದು ಏನಿದೆ ಈ ಗಾಡೀಲಿ?"

ಅಕ್ಷರದಕ್ಕ ಹಿಂದಿನ ಬಾಗಿಲನ್ನು ತೆಗೆದು ಹಿಡಿದಳು. "ಬನ್ನಿ ಸಾಹೇಬ್ರೇ, ಕೂತ್ಕೊಳ್ಳಿ. ಒಂದೂವರೆ ಗಂಟೆ ಬೇಡ, ಐದೇ ನಿಮಿಷ. ಬಾಗಿಲು ನಾನು ಹಾಕ್ತೀನಿ. ಹೆದರೋವಂಥದ್ದು ಇಲ್ಲ ಅಂದ್ರಲ್ಲ, ಕೂತು ತೋರಿಸಿ."

ಸಾಹೇಬ ತೆರೆದ ಬಾಗಿಲನ್ನು ನೋಡಿದ, ಹಿಡಿಕೆಯಿಲ್ಲದ ತಗಡನ್ನು ನೋಡಿದ. ಕೈಯಲ್ಲಿ ಥಿನ್ನರಿನ ಬಟ್ಟೆ ಹಿಡಿದ ಹೆಂಗಸಿನ ಮುಖವನ್ನೂ ನೋಡಿದ. ಅವನು ಕೂರಲಿಲ್ಲ. ಮೇಡಂ ಕನ್ನಡಕ ಸರಿಮಾಡಿಕೊಂಡು, ಕಡತವನ್ನು ಕಾರಿನ ಮೇಲೇ ಇಟ್ಟು, ಅದನ್ನೂ ಬರೆದುಕೊಂಡರು.

ಮಗಳ ಮೇಲಿನ ಕೇಸು ಅವತ್ತೇ ಬಿದ್ದುಹೋಯಿತು, ಲೈಸೆನ್ಸು ಕೈಗೆ ಬಂತು. ಸಾಹೇಬನ ಮೇಲೆ ತನಿಖೆಯಂತೆ. ತನಿಖೆ ಮಾಡುವವರೂ ಅವನ ಜೊತೆ ಊಟ ಮಾಡುವವರೇ. ಅಕ್ಷರದಕ್ಕನಿಗೆ ಮಾತ್ರ ತಡವಾಗಲಿಲ್ಲ. ಮೂರೇ ದಿನದಲ್ಲಿ ಸುಳ್ಳು ಪ್ರಮಾಣಪತ್ರದ ನೋಟೀಸು ಬಂತು, ಗುತ್ತಿಗೆ ರದ್ದಾಯಿತು, ಅಂಗಡಿಯ ಫಲಕದಲ್ಲಿರುವ 'ಪೊಲೀಸ್ ಇಲಾಖೆಯ ಅಧಿಕೃತ ಕೆಲಸಗಾರರು' ಎಂಬ ಸಾಲನ್ನು ಕೂಡಲೇ ತೆಗೆಯತಕ್ಕದ್ದು ಎಂದು ಆದೇಶವೂ ಬಂತು. ಇಲಾಖೆಯ ಹೆಸರನ್ನು ಸುಳ್ಳಾಗಿ ಬಳಸುವುದು ಅಪರಾಧವಂತೆ. ಅದನ್ನು ಓದಿ ಅವಳು ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ನಾಲ್ಕು ಗಾಡಿ ಇನ್ನೂ ರಸ್ತೆಯ ಮೇಲಿದ್ದವು. ಅವುಗಳನ್ನು ಕೊಂಡವರ ವಿವರ ಕೊಡಿ, ನಾನೇ ಹುಡುಕಿಕೊಂಡು ಹೋಗಿ ಪುಕ್ಕಟೆ ಉಜ್ಜಿ ಬರುತ್ತೇನೆ ಎಂದು ಅವಳು ಇಲಾಖೆಗೆ ಅರ್ಜಿ ಕೊಟ್ಟಳು. ಗೋಪ್ಯ ಮಾಹಿತಿ, ಕೊಡಲಾಗದು ಎಂದು ಉತ್ತರ ಬಂತು.

ಅವತ್ತು ಮಧ್ಯಾಹ್ನ ಏಣಿ ಹಾಕಿ ಹತ್ತಿ, ಫಲಕದ ಆ ಸಾಲನ್ನು ಬಿಸಿ ಮಾಡಿ ಒಂದೊಂದೇ ಅಕ್ಷರ ಕಿತ್ತಳು. ಅಪ್ಪ ಅಂಟಿಸಿದ ಅಕ್ಷರಗಳು. ಮುಗಿಸಿ ಇಳಿಯುವಷ್ಟರಲ್ಲಿ ಮಗಳ ಸಣ್ಣ ಕಾರು ಬಂದು ನಿಂತಿತು. ವಿಚಾರಣೆಯ ದಿನದಿಂದ ಅವಳು ತಾಯಿಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಈಗ ಕಾರಿಗೆ ಒರಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಫಲಕವನ್ನು ನೋಡಿದಳು.

"ನೆರಳು ಹಾಗೇ ಇದೆ."

"ಗೊತ್ತು. ನಾಳೆ ಮಾಡ್ತೀನಿ ಅಂದ್ಕೊಂಡೆ. ಸೊಂಟ..."

ಮಗಳು ಶೆಡ್ಡಿನ ಒಳಗೆ ಹೋಗಿ ಪಾಲಿಶ್ ಯಂತ್ರವನ್ನು ಎತ್ತಿಕೊಂಡು ಬಂದು ತಾಯಿಯ ಕೈಗಿಟ್ಟಳು. "ಇವತ್ತೇ ಮಾಡು ಅಮ್ಮ" ಎಂದಳು. "ಇದೊಂದನ್ನಾದರೂ ಪೂರ್ತಿ ಮಾಡು."

ಅವಳು ಏಣಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ಅಕ್ಷರದಕ್ಕ ಯಂತ್ರ ಹಿಡಿದು ಮತ್ತೆ ಮೇಲೆ ಹತ್ತಿದಳು.